ಸೆನ್ಸರ್ ಪಾಠದಲ್ಲಿ ನಾನು ಕಲಿತದ್ದು

ನನ್ನ ಅಭ್ಯಾಸ ಬೋಧನೆ ನಾಯಕನಹಟ್ಟಿಯ ಒಂದು ಪ್ರೌಢಶಾಲೆಯಲ್ಲಿತ್ತು. ಒಂಬತ್ತನೇ ತರಗತಿಗೆ ‘ಬೆಳೆ ನೋಡುವ ಡ್ರೋನ್ ಮತ್ತು ಸೆನ್ಸರ್’ ಎಂಬ ಪೂರಕ ಪಾಠ ಆರಿಸಿಕೊಂಡೆ. ಪೈಲಟ್ ಇಲ್ಲದ ವಿಮಾನ ಇಲ್ಲಿನ ಮಕ್ಕಳಿಗೆ ಹೊಸದಲ್ಲ. ವರವು ಕಾವಲಿನ ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ 2016ರಲ್ಲೇ ರುಸ್ತುಂ-2 ಹಾರಿತ್ತು. ಹೆಚ್ಚಿನವರ ಮನೆಯಲ್ಲಿ ಶೇಂಗಾ ಬೆಳೆಯೂ ಇದೆ. ಎರಡನ್ನೂ ಜೋಡಿಸಿದರೆ ಪಾಠ ಸಲೀಸು ಎಂದುಕೊಂಡಿದ್ದೆ.

ಮೊದಲ ಭಾಗ ಚೆನ್ನಾಗಿಯೇ ಹೋಯಿತು. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ. ಗಿಡ ಸೊರಗಿದರೆ ಈ ಅಂತರ ಕಡಿಮೆಯಾಗುತ್ತದೆ. ಡ್ರೋನಿನ ವಿಶೇಷ ಕ್ಯಾಮೆರಾ ಅದನ್ನೇ ಅಳೆದು ಹೊಲದ ನಕ್ಷೆ ಮಾಡುತ್ತದೆ. ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ.

ಆಮೇಲೆ ಪ್ರಯೋಗ. ಎರಡು ಮೊಳೆ, ಒಂದು ಮಲ್ಟಿಮೀಟರ್: ಇದೇ ನಮ್ಮ ತೇವಾಂಶ ಸೆನ್ಸರ್. ಮಣ್ಣು ಒದ್ದೆಯಾದಷ್ಟೂ ವಿದ್ಯುತ್ ರೋಧ ಇಳಿಯುತ್ತದೆ. ಮಕ್ಕಳು ತಮ್ಮ ಹೊಲದ ಮಣ್ಣು ತಂದಿದ್ದರು. ಒಬ್ಬ ಹುಡುಗಿಯ ಮಣ್ಣಿಗೆ ಮೊಳೆ ಚುಚ್ಚಿ, ಅಂಕಿ ನೋಡಿ, “ಚೆನ್ನಾಗಿ ತೇವ ಇದೆ, ನೀರು ಬೇಡ” ಎಂದೆ. ಅವಳು ಮಣ್ಣನ್ನು ಹಿಡಿಯಲ್ಲಿ ಅಮುಕಿದಳು. ಉಂಡೆ ಕಟ್ಟಲಿಲ್ಲ, ಉದುರಿತು. “ಇಲ್ಲ ಸಾರ್, ಹದ ಇಲ್ಲ. ನಮ್ಮಪ್ಪ ಹಿಂಗೇ ನೋಡೋದು” ಎಂದಳು.

ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದರು. ನನಗೆ ಗಾಬರಿ. “ಕೈ ಸುಳ್ಳು ಹೇಳಬಹುದಮ್ಮ, ಮೀಟರ್ ಹೇಳಲ್ಲ” ಎಂದುಬಿಟ್ಟೆ. ತರಗತಿ ನಕ್ಕಿತು. ಅವಳು ಕೂತಳು. ಪಾಠ ಮುಗಿಯುವವರೆಗೂ ತಲೆ ಎತ್ತಲಿಲ್ಲ.

ಗುರುಗಳು ತಪ್ಪೆಂದು ಬರೆಯಲಿಲ್ಲ. “ಆ ಹೊಲಕ್ಕೆ ಯಾವ ನೀರು ಬಿಡ್ತಾರೆ, ಕೇಳಿದ್ರಾ?” ಎಂದಷ್ಟೇ ಅಂದರು. ಸಂಜೆ ಕೇಳಿದೆ. ಬೋರಿನ ನೀರಂತೆ, ಸವುಳು.

ರಾತ್ರಿ ಒಂದೇ ಮಣ್ಣನ್ನು ಎರಡು ಲೋಟಕ್ಕೆ ತುಂಬಿ, ಸಮವಾಗಿ ನೀರು ಹಾಕಿದೆ. ಒಂದರ ನೀರಿಗೆ ಉಪ್ಪು ಬೆರೆಸಿದ್ದೆ. ತೇವ ಎರಡರಲ್ಲೂ ಅಷ್ಟೇ. ಉಪ್ಪಿನ ಲೋಟದಲ್ಲಿ ರೋಧ ಮಾತ್ರ ತುಂಬ ಕಡಿಮೆ. ಮೀಟರ್ ಅಳೆದದ್ದು ರೋಧವನ್ನು. ಅದನ್ನು ನೀರು ಎಂದು ಓದಿದವನು ನಾನು. ನನ್ನ ಮಾತು ನಂಬಿ ಆ ಮನೆಯವರು ನೀರು ನಿಲ್ಲಿಸಿದ್ದರೆ ಶೇಂಗಾ ಒಣಗುತ್ತಿತ್ತು.

ಮರುದಿನ ಎರಡೂ ಲೋಟ ತರಗತಿಗೆ ಒಯ್ದೆ. ಪ್ರಯೋಗವನ್ನು ಅವಳ ಕೈಯಿಂದಲೇ ಮಾಡಿಸಿ, “ನಿನ್ನೆ ಸರಿ ಹೇಳಿದ್ದು ಇವಳು, ತಪ್ಪಿದ್ದು ನಾನು” ಎಂದೆ. ಈ ಸಲ ಯಾರೂ ನಗಲಿಲ್ಲ. ಹುಡುಗನೊಬ್ಬ ಕೇಳಿದ: “ಹಂಗಾದ್ರೆ ಡ್ರೋನೂ ತಪ್ಪು ಹೇಳುತ್ತಾ ಸಾರ್?” ಅಲ್ಲಿಂದ ನಿಜವಾದ ಪಾಠ ಶುರುವಾಯಿತು. ಶೇಂಗಾ ಎಲೆ ನೀರಿಲ್ಲದೆ ಸೊರಗಬಹುದು, ಕಬ್ಬಿಣಾಂಶದ ಕೊರತೆಯಿಂದ ಹಳದಿಯಾಗಬಹುದು, ಟಿಕ್ಕಾ ರೋಗವೂ ತಗಲಬಹುದು. ಹೊಲದ ಯಾವ ಮೂಲೆ ಸೊರಗಿದೆ ಎಂದು ಡ್ರೋನ್ ತೋರಿಸುತ್ತದೆ. ಯಾಕೆ ಎಂದು ತಿಳಿಯಲು ಆ ಮೂಲೆಗೆ ನಡೆದುಹೋಗಿ ಎಲೆ ತಿರುವಿ, ಮಣ್ಣು ಅಮುಕಿ ನೋಡಬೇಕು.

ಮುಂದಿನ ಪಾಠಯೋಜನೆಯಲ್ಲಿ ‘ಶಿಕ್ಷಕರ ಚಟುವಟಿಕೆ’ಯ ಕೆಳಗೆ ಒಂದು ಸಾಲು ಸೇರಿಸಿಕೊಂಡೆ: ಅಂಕಿ ಹೇಳುವ ಮೊದಲು, ಮಣ್ಣು ತಂದವರನ್ನು ಕೇಳುವುದು.