ಟಿಕೆಟ್ಟಿನ ಹಿಂಬದಿ, ಚೀಲದ ದಾರ

1
ಯಲಹಂಕದಿಂದ ಯಶವಂತಪುರಕ್ಕೆ ಹೋಗುವ ಬಸ್ಸು. ಕಂಡಕ್ಟರ್ ಬಳಿ ಚಿಲ್ಲರೆ ಇಲ್ಲ. ಟಿಕೆಟ್ಟಿನ ಹಿಂಬದಿಗೆ ಪೆನ್ನಿನಲ್ಲಿ ಬಾಕಿ ಬರೆದು, ಸುತ್ತ ಗೆರೆ ಎಳೆದು ಕೊಟ್ಟರು. "ಇಳ್ಯೋವಾಗ ಕೇಳಿ ತಗೊಳ್ಳಿ." ಸಹಿ ಇಲ್ಲ, ಮೊಹರಿಲ್ಲ. ಆ ಅಂಕಿಯನ್ನು ಯಾರು ಬೇಕಾದರೂ ತಿದ್ದಬಹುದು. ತಿದ್ದಿದವರನ್ನು ನೋಡಿಲ್ಲ.

2
ನೆನಪಿಡುವ ಕೆಲಸ ಈಗ ಪ್ರಯಾಣಿಕರದ್ದು. ಒಬ್ಬ ಅಜ್ಜ ಟಿಕೆಟ್ಟನ್ನು ವಾಚಿನ ಪಟ್ಟಿಗೆ ಸಿಕ್ಕಿಸಿಕೊಂಡರು, ಬರೆದ ಬದಿ ಮೇಲೆ ಮಾಡಿ. ಇಳಿದ ಮೇಲೆ ಬಸ್ಸಿನ ಹಿಂದೆ ಓಡುವವರ ಕೈಯಲ್ಲೂ ಟಿಕೆಟ್ ಇರುತ್ತದೆ.

3
ಇನ್ನೊಂದು ಉಪಾಯ. ಗುರುತಿಲ್ಲದ ಇಬ್ಬರು, ಇಬ್ಬರ ಬಾಕಿಗೂ ಸೇರಿಸಿ ಒಂದೇ 100ರ ನೋಟು. "ನೀವಿಬ್ರೂ ಹಂಚ್ಕೊಂಬಿಡಿ." ಇಬ್ಬರೂ ಹೆಬ್ಬಾಳದಲ್ಲಿ ಇಳಿದು ಎಳನೀರಿನ ಗಾಡಿಗೆ ಹೋದರು. ಚಿಲ್ಲರೆಗಾಗಿ ಒಬ್ಬರು ಎಳನೀರು ಕುಡಿದರು. ಇನ್ನೊಬ್ಬರು ಅವರು ಕುಡಿದು ಮುಗಿಸುವ ತನಕ ನಿಂತರು. ಏನೋ ಮಾತಾಡುತ್ತಿದ್ದರು.

4
2023ರ ಜೂನ್ 11ರಿಂದ ಶಕ್ತಿ ಯೋಜನೆ, ಹೆಂಗಸರಿಗೆ ಬಸ್ಸು ಉಚಿತ. ಅವರ ಟಿಕೆಟ್ಟಿನ ಹಿಂಬದಿ ಖಾಲಿ.

5
ಯಶವಂತಪುರ ಎಪಿಎಂಸಿ ಯಾರ್ಡ್. ಮೂಟೆಯ ಬಾಯಿಗೆ ಮೆಷಿನ್ನಿನ ಹೊಲಿಗೆ. ದಾರದ ಒಂದು ತುದಿ ಹಿಡಿದೆಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ತುದಿ ಎಳೆದರೆ ಬಿಗಿಯುತ್ತದೆ, ಕತ್ತರಿಯೇ ಬೇಕು. ನೋಡಲು ಎರಡೂ ತುದಿ ಒಂದೇ. ಹಮಾಲರು ಮಾತಾಡುತ್ತಲೇ ಸರಿಯಾದದ್ದನ್ನು ಹಿಡಿಯುತ್ತಾರೆ. ಯಾವುದೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, ಮತ್ತೊಮ್ಮೆ ಎಳೆದು ತೋರಿಸುತ್ತಾರೆ. ಎಳೆದ ದಾರ ಕಿವಿಗೆ ಸುತ್ತಿಕೊಳ್ಳುವವರಿದ್ದಾರೆ. ಆಮೇಲೆ ಏನನ್ನಾದರೂ ಕಟ್ಟಲು ಬೇಕಾಗುತ್ತದಂತೆ.

6
ಆರ್.ಟಿ. ನಗರ, ಮೂರನೇ ಮಹಡಿ. ಹಗ್ಗದಲ್ಲಿ ಬುಟ್ಟಿ ಇಳಿಯುತ್ತದೆ. ಬುಟ್ಟಿಯಲ್ಲಿ ನೋಟು, ನೋಟಿನ ಮೇಲೆ ಒಂದು ಆಲೂಗಡ್ಡೆ. ಸೊಪ್ಪಿನವರು ದುಡ್ಡು ತೆಗೆದುಕೊಂಡು ಸೊಪ್ಪು ಇಟ್ಟರು. ಆಲೂಗಡ್ಡೆ ವಾಪಸ್ ಮೇಲೆ ಹೋಯಿತು.

ಹಗ್ಗದ ಒಂದು ಕಡೆ ಕೆಂಪು ಬಟ್ಟೆಯ ಗಂಟು. ಗಂಟು ಕೈಗೆ ಬಂದರೆ ಬುಟ್ಟಿ ನೆಲ ಮುಟ್ಟಿದೆ ಎಂದರ್ಥ. ಬುಟ್ಟಿ ಇಳಿಸುವ ಅಮ್ಮನಿಗೆ ಕಣ್ಣು ಮಂಜು.

7
ಯಲಹಂಕದ ರೈಲು ಗಾಲಿ ಕಾರ್ಖಾನೆ, 1984ರದ್ದು. ಸವೆದ ಗಾಲಿಗಳ ಗುಜರಿಯೂ ಇಲ್ಲಿ ಕರಗುತ್ತದೆ. ಕರಗಿದ ಉಕ್ಕನ್ನು ಅಚ್ಚಿಗೆ ಮೇಲಿನಿಂದ ಸುರಿಯುವುದಿಲ್ಲ. ಉಕ್ಕು ಕೆಳಗೆ, ಗ್ರಾಫೈಟ್ ಅಚ್ಚು ಮೇಲೆ, ನಡುವೆ ಕೊಳವೆ. ಗಾಳಿಯ ಒತ್ತಡ ಕೊಟ್ಟರೆ ಉಕ್ಕು ಕೊಳವೆಯಲ್ಲಿ ಏರಿ ಅಚ್ಚು ತುಂಬುತ್ತದೆ. ಚಿಮ್ಮುವುದಿಲ್ಲ, ಕಲಕುವುದಿಲ್ಲ.

8
ಅದೇ ಯಲಹಂಕದ ಒಂದು ಗಲ್ಲಿ. ಪೈಪನ್ನು ಕೊಡದ ತಳದವರೆಗೆ ಇಳಿಸಿ ನೀರು ಹಿಡಿಯುತ್ತಿದ್ದ ಹುಡುಗಿ. ಸುತ್ತಲಿನ ನೆಲ ಒಣಗಿತ್ತು.

9
ನಾಟಿ ಅವರೆ ಹಗಲು ಗಿಡ್ಡವಾಗುವ ತನಕ ಹೂ ಬಿಡುವುದಿಲ್ಲ. ಕೃಷಿ ವಿಶ್ವವಿದ್ಯಾಲಯದ ತಳಿಗಳಾದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಹಗಲಿನ ಉದ್ದ ನೋಡುವುದಿಲ್ಲ. ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ. ಆದರೂ ಕೊಳ್ಳುವವರು ಡಿಸೆಂಬರ್‌ಗೆ ಕಾಯುತ್ತಾರೆ, ಕಾಯಿಯನ್ನು ಮೂಸಿ ನೋಡುತ್ತಾರೆ. ಸೊಗಡು ಬೇಕು.

10
ಹಿತಕಿದ ಬೇಳೆಗೆ ಕಾಳನ್ನು ರಾತ್ರಿಯೇ ನೆನೆಹಾಕುತ್ತಾರೆ. ಹಿತುಕುವುದು ಧಾರಾವಾಹಿ ನೋಡುತ್ತ. ಬೆರಳಿಗೆ ಕಣ್ಣು ಬೇಕಿಲ್ಲ. ಜಾಹೀರಾತು ಬಂದಾಗ ಕೈಯೂ ನಿಲ್ಲುತ್ತದೆ. ಅದು ಯಾಕೆ?

11
2023ರ ಏರೋ ಇಂಡಿಯಾ ವಿಮಾನ ಪ್ರದರ್ಶನ, ಫೆಬ್ರವರಿ 13ರಿಂದ 17. ಯಲಹಂಕ ವಾಯುನೆಲೆಯ ಸುತ್ತ 10 ಕಿ.ಮೀ. ಮಾಂಸ ಮಾರುವಂತಿಲ್ಲ ಎಂದು ಪಾಲಿಕೆ ಆದೇಶಿಸಿತು. ಎಸೆದ ತುಣುಕಿಗೆ ಹದ್ದುಗಳು ಸೇರುತ್ತವೆ, ಹದ್ದು ವಿಮಾನಕ್ಕೆ ಬಡಿಯಬಹುದು. ನಿಷೇಧ ಶುರುವಾದದ್ದು ಜನವರಿ 30ಕ್ಕೆ. ಕಾರಣ ಸರಿಯೇ. ಅಂಗಡಿ ಬಾಡಿಗೆಗೆ ಮಾತ್ರ ರಜೆ ಇಲ್ಲ. ಆ ದಿನಗಳಲ್ಲಿ ಹದ್ದು ಎಲ್ಲಿ ಉಣ್ಣುತ್ತದೆ, ಅಂಗಡಿಯವರು ಎಲ್ಲಿ ದುಡಿಯುತ್ತಾರೆ?

12
2024ರ ಮಾರ್ಚ್, ಬೆಂಗಳೂರಿಗೆ ನೀರಿಲ್ಲದ ಬೇಸಿಗೆ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು ಜಲಮಂಡಳಿ. ನಲ್ಲಿಗಳಿಗೆ ಏರೇಟರ್ ಬಂತು. ನೀರಿಗೆ ಗಾಳಿ ಬೆರೆಯುತ್ತದೆ, ಕೈ ತೊಳೆಯುವವರಿಗೆ ಕಡಿಮೆ ಅನ್ನಿಸುವುದಿಲ್ಲ.

13
ಆ ಬೇಸಿಗೆಯಲ್ಲಿ ಪಕ್ಕದ ಮನೆಯವರು ಆರ್‌ಒ ಫಿಲ್ಟರಿನ ವ್ಯರ್ಥ ನೀರಿಗೆ ಬಕೆಟ್ ಇಟ್ಟರು. ಅಕ್ಟೋಬರ್ 16ಕ್ಕೆ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಯಿತು. ಬಕೆಟ್ ತೆಗೆದಿಲ್ಲ. ಆ ನೀರು ನೆಲ ಒರೆಸಲು, ಬಚ್ಚಲು ತೊಳೆಯಲು. ತುಳಸಿಗೆ ಹಾಕುವುದಿಲ್ಲ.

ಯಾಕೆ ಆಂಟೀ, ಎಂದೆ.

"ಅದಕ್ಕೆ ಒಳ್ಳೆ ನೀರೇ ಹಾಕ್ಬೇಕಲ್ವಾ" ಎಂದರು.