ಪರನೆಲದ ವೀರಗಲ್ಲು

ಕಾದಿ ಮಡಿದವನ ನೆನಪಿಗೆ ಕಲ್ಲು ನಿಲ್ಲಿಸುವುದು ಕನ್ನಡ ನಾಡಿನ ಪುರಾತನ ಸಂಪ್ರದಾಯ. ವೀರಗಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ಶಿವಸಾನ್ನಿಧ್ಯ. ಅದನ್ನು ನೆಡುವವರು ಸತ್ತವನ ಬಂಧುಗಳು, ಊರವರು, ಇಲ್ಲವೆ ಒಡೆಯರು. ಆದರೆ ವೀರನು ಕಡಲಾಚೆಯ ನಾಡಿನಲ್ಲಿ ಮಡಿದರೆ ಅವನನ್ನು ನೆನೆಯುವ ಹೊಣೆ ಯಾರದು? ಉತ್ತರ ಫ್ರಾನ್ಸಿನ ನ್ಯೂವ್ ಶಾಪೆಲ್ ಎಂಬ ಪುಟ್ಟ ಗ್ರಾಮದ ಕಥೆ ಈ ಪ್ರಶ್ನೆಯನ್ನು ಎತ್ತುತ್ತದೆ.

ಮೊದಲನೆಯ ಮಹಾಯುದ್ಧದಲ್ಲಿ, 1915ರ ಮಾರ್ಚ್ 10ರ ಬೆಳಗ್ಗೆ, 35 ನಿಮಿಷಗಳ ಫಿರಂಗಿ ದಾಳಿಯ ತರುವಾಯ ಬ್ರಿಟಿಷ್ ಹಾಗೂ ಭಾರತೀಯ ಪಡೆಗಳು ಜರ್ಮನರ ವಶದಲ್ಲಿದ್ದ ಈ ಊರಿನ ಮೇಲೆ ಏರಿಹೋದವು. ಊರು ಅಂದೇ ಕೈವಶವಾಯಿತು. ಮುಂದೆ ಸಾಗುವುದು ಮಾತ್ರ ಸಾಧ್ಯವಾಗಲಿಲ್ಲ. 13ರಂದು ಕದನ ನಿಂತಾಗ ಭಾರತೀಯ ಪಡೆಯಲ್ಲೇ ಸತ್ತವರು, ಗಾಯಗೊಂಡವರು, ಕಾಣೆಯಾದವರು ಕೂಡಿ 4,000ಕ್ಕೆ ಮಿಕ್ಕಿದ್ದರು. ಗಢವಾಲ ರೈಫಲ್ಸಿನ ಗಬರ್ ಸಿಂಗ್ ನೇಗಿ ಮೊದಲ ದಿನವೇ ಶತ್ರುವಿನ ಕಂದಕದಲ್ಲಿ ಹೋರಾಡಿ ಮಡಿದನು. ಮರಣಾನಂತರ ವಿಕ್ಟೋರಿಯಾ ಕ್ರಾಸ್ ಪದಕ ಸಂದಿತು. ಅವನ ಸಮಾಧಿ ಎಲ್ಲಿಯೆಂದು ತಿಳಿಯಲಿಲ್ಲ.

ಪಶ್ಚಿಮ ರಣರಂಗದಲ್ಲಿ ಹೀಗೆ ಸಮಾಧಿಯೇ ಇಲ್ಲದಂತಾದ ಭಾರತೀಯರಿಗಾಗಿ ಹರ್ಬರ್ಟ್ ಬೇಕರ್ ರೂಪಿಸಿದ ಸ್ಮಾರಕವು ಊರ ಹೊರಗಿನ ಕೂಡುರಸ್ತೆಯಲ್ಲಿ 1927ರ ಅಕ್ಟೋಬರ್ 7ರಂದು ಅನಾವರಣಗೊಂಡಿತು. ಸುಮಾರು 15 ಮೀಟರ್ ಎತ್ತರದ ಸ್ತಂಭ, ಶಿರದಲ್ಲಿ ಕಮಲ, ಕಾವಲಿಗೆಂಬಂತೆ ಎರಡು ಹುಲಿಗಳು, ಗೋಡೆಯ ಮೇಲೆ 4,700ಕ್ಕೂ ಹೆಚ್ಚು ಹೆಸರುಗಳು. ದೇವನೊಬ್ಬನೇ, ಜಯವು ಅವನದೇ ಎಂಬ ಅರ್ಥದ ಶಾಸನ ಇಂಗ್ಲಿಷ್, ಅರಬ್ಬೀ, ಹಿಂದಿ, ಗುರುಮುಖಿಗಳಲ್ಲಿದೆ.

ಅದರ ಸಮೀಪದಲ್ಲೇ, ರಿಶ್‌ಬೂರ್ ಗ್ರಾಮದ ಎಲ್ಲೆಯಲ್ಲಿ, ಪೋರ್ಚುಗೀಸ್ ಯೋಧರ 1,831 ಸಮಾಧಿಗಳಿವೆ. ಅವುಗಳಲ್ಲಿ ಅನೇಕಕ್ಕೆ ಹೆಸರಿಲ್ಲ. 1918ರ ಏಪ್ರಿಲ್ 9ರಂದು ಈ ಪ್ರದೇಶದಲ್ಲಿ ಜರ್ಮನರ ದಾಳಿಗೆ ಆ ಸೈನ್ಯ ನುಚ್ಚುನೂರಾಗಿತ್ತು. ಒಂದೆಡೆ ಒಡಲಿಲ್ಲದ ಹೆಸರು, ಇನ್ನೊಂದೆಡೆ ಹೆಸರಿಲ್ಲದ ಒಡಲು. ಗುಂಡಿನೇಟಿಗೆ ಭಗ್ನವಾಗಿಯೂ ಉಳಿದ ನ್ಯೂವ್ ಶಾಪೆಲ್ಲಿನ ಕ್ರಿಸ್ತವಿಗ್ರಹವನ್ನು 1958ರಲ್ಲಿ ಫ್ರಾನ್ಸು ಪೋರ್ಚುಗಲ್ಲಿಗೆ ಒಪ್ಪಿಸಿತು. ಅದೀಗ ಬಟಾಲ್ಯದ ಸನ್ಯಾಸಿಮಠದಲ್ಲಿ ಅಜ್ಞಾತ ಯೋಧರ ಸಮಾಧಿಯ ಬಳಿಯಿದೆ.

ಬರ್ಲಿನ್ ಬಳಿಯ ಸೆರೆಶಿಬಿರದಲ್ಲಿ ತೀರಿಕೊಂಡ ಭಾರತೀಯರ ಕಥೆ ಇನ್ನೂ ವಿಚಿತ್ರ. ಅವರನ್ನು ಹೂಳಿದ ಸೆಹ್ರೆನ್ಸ್‌ಡಾರ್ಫ್ ಎರಡನೆಯ ಯುದ್ಧಾನಂತರ ಪೂರ್ವ ಜರ್ಮನಿಗೆ ಸೇರಿ, ರುದ್ರಭೂಮಿಯ ಪಾಲನೆ ಅಸಾಧ್ಯವಾದಾಗ, 1964ರಲ್ಲಿ ಅವರ ಹೆಸರುಗಳು ನ್ಯೂವ್ ಶಾಪೆಲ್ ಸ್ಮಾರಕದಲ್ಲಿ ಆಶ್ರಯ ಪಡೆದವು. ಆ ರುದ್ರಭೂಮಿಯೂ ಜೀರ್ಣೋದ್ಧಾರಗೊಂಡು 2005ರಲ್ಲಿ ಮತ್ತೆ ತೆರೆಯಿತು.

ಆಳುವವರ ಯುದ್ಧದಲ್ಲಿ ಅಳಿದವರನ್ನು ಸ್ಮರಿಸುವುದು ದಾಸ್ಯದ ಕೀರ್ತನೆಯಲ್ಲವೆ ಎಂದು ಆಕ್ಷೇಪಿಸುವವರುಂಟು. ಆಕ್ಷೇಪ ನಿರಾಧಾರವಲ್ಲ, ಸ್ತಂಭದ ತುದಿಯ ಕಿರೀಟ ಸಾಮ್ರಾಜ್ಯದ್ದೇ. ಆದರೆ ಗೋಡೆಯ ಮೇಲಿರುವುದು ಸಾಮ್ರಾಜ್ಯದ ಹೆಸರಲ್ಲ. ಹಳ್ಳಿಗಳಿಂದ ಹೊರಟು ಹಿಂದಿರುಗದವರ ಹೆಸರು. ಯುದ್ಧವನ್ನು ಒಪ್ಪದೆಯೂ ಮಡಿದವರಿಗಾಗಿ ಮರುಗಬಹುದು. ಪರನೆಲವು ಆ ಹೆಸರುಗಳನ್ನು ಒಂದು ಶತಮಾನ ಕಾಯ್ದುಕೊಂಡಿದೆ. ಅವುಗಳನ್ನು ಓದಿ ತಮ್ಮವರೆಂದು ಗುರುತಿಸುವ ಹೊಣೆ ಅವರನ್ನು ಹೆತ್ತ ನಾಡಿನದು. ವಿದ್ಯಾಶಾಲೆಯ ಇತಿಹಾಸಪಾಠದಲ್ಲಿ ರಾಜರ, ಸೇನಾನಿಗಳ ನಾಮಾವಳಿಯೊಡನೆ ಇವರಿಗೂ ಒಂದು ಪುಟ ದೊರೆಯುವುದಾದರೆ ಆ ಋಣ ಕಿಂಚಿತ್ತಾದರೂ ತೀರೀತು.