ಮರಳ ದಾರಿಯೋ, ಕಡಲ ದಾರಿಯೋ?

ಇನ್ಶಾ ಅಲ್ಲಾಹ್, ಈ ಚಳಿಗಾಲದಲ್ಲಿ ತಂದೆಯವರೊಡನೆ ಒಮಾನಿನ ಮಸ್ಕತ್‌ನಿಂದ ಸಲಾಲಕ್ಕೆ ಕಾರಿನಲ್ಲಿ ಹೋಗಬೇಕೆಂದು ನಾವು ಸಹೋದರರು ನಿರ್ಧರಿಸಿದ್ದೇವೆ. ಭೂಪಟ ಹರಡಿದೊಡನೆ ಎರಡು ಹಾದಿಗಳು ಎದುರಾದವು. ಒಂದು, ನಿಝ್ವಾ, ಆದಮ್, ಹೈಮಾಗಳ ಮೂಲಕ ಮರುಭೂಮಿಯನ್ನು ಸೀಳಿ ಸಾಗುವ ಸುಮಾರು 1,000 ಕಿಲೋಮೀಟರ್‌ಗಳ ಹೆದ್ದಾರಿ. ಇನ್ನೊಂದು, ಹಾಯಿಹಡಗು ಕಟ್ಟುವ ಸೂರ್, ಕಡಲಾಮೆಗಳು ಮೊಟ್ಟೆಯಿಡುವ ರಾಸ್ ಅಲ್ ಜಿನ್ಝ್, ದುಕಮ್‌ಗಳನ್ನು ಬಳಸಿ ಬರುವ ಕರಾವಳಿಯ ಸುತ್ತುದಾರಿ. ಸೂರಿನ ಹಡಗುಗಳಿಗೆ ಹಿಂದೆ ಮಲಬಾರಿನ ತೇಗದ ಮರ ಹೋಗುತ್ತಿತ್ತು. ಕರಾವಳಿಯಲ್ಲಿ ಹುಟ್ಟಿದ ನಮಗೆ ಕಡಲ ದಾರಿಯೇ ಪ್ರಿಯವೆನಿಸಿತು.

ತಂದೆಯವರು ಒಪ್ಪಲಿಲ್ಲ. ಹನ್ನೊಂದು ವರ್ಷ ಅವರು ಲಾರಿ ಓಡಿಸಿದ್ದು ಮರಳ ದಾರಿಯಲ್ಲಿ.

“ಅಲ್ಲಿ ನೋಡಲು ಏನಿದೆ?” ಎಂದೆವು.

“ಏನೂ ಇಲ್ಲ. ಅದನ್ನೇ ನೀವು ನೋಡಬೇಕು” ಎಂದರು.

ನಾವು ಮೌನವಾದೆವು. ಅಂದು ಅವರಿಂದ ಬರುತ್ತಿದ್ದ ಪತ್ರಗಳು ನಾಲ್ಕೇ ಸಾಲಿನವು. ಮಮತೆ ಕುಂದಿತೆಂದು ಮುನಿಸಿಕೊಳ್ಳುತ್ತಿದ್ದೆವು. ಪ್ರಯಾಣಿಕನಿಗೆ ನಾಲ್ಕು ರಕಅತ್‌ಗಳ ನಮಾಝ್ ಎರಡಕ್ಕಿಳಿಯುವುದನ್ನು ಪ್ರತಿವರ್ಷ ಮದ್ರಸದಲ್ಲಿ ಬೋಧಿಸುವ ನಮಗೆ, ತಂದೆಯ ಆ ಪತ್ರಗಳೂ ಅಂತಹದೇ ಕಸ್ರ್ ಎಂಬುದು ಹೊಳೆದಿರಲಿಲ್ಲ. ಚಿಕ್ಕದಾದ ಮಾತ್ರಕ್ಕೆ ಅದು ಅಪೂರ್ಣವಲ್ಲ.

ಹೋಗುವಾಗ ಮರಳ ದಾರಿ, ಬರುವಾಗ ಕಡಲ ದಾರಿ ಎಂದು ತೀರ್ಮಾನವಾಯಿತು. ಒಂಟೆಗಳು ಅಡ್ಡಬರುವುದರಿಂದ ರಾತ್ರಿ ವಾಹನ ಓಡಿಸಕೂಡದೆಂಬುದು ತಂದೆಯವರು ಹಾಕಿದ ಮೊದಲ ನಿಯಮ. ಹೈಮಾದಲ್ಲಿ ಅವರೇ ಇಮಾಮರಾಗಲಿ, ನಾವು ಹಿಂದೆ ನಿಲ್ಲುವೆವು.